ಗುಡ್ಡದ ಬಾಯಲ್ಲಿ ನಿಲ್ಲುತ್ತಿದ್ದ ರೈಲು

ಅವನ ಕೆಲಸ ಹಲ್ಲು ಮಾಡುವುದು. ಹಲ್ಲಿನ ಡಾಕ್ಟರು ಅಂದುಕೊಳ್ಳಬೇಡಿ. ಡಾಕ್ಟರಿಗೆ ಮುಂದುಗಡೆ ದೊಡ್ಡ ಕೋಣೆ, ಹಿಂದಕ್ಕೆ ಬಾಗುವ ಕುರ್ಚಿ, ತಲೆಯ ಮೇಲೆ ದೀಪ. ಇವನಿಗೆ ಹಿಂದುಗಡೆ, ಸಾಮಾನು ಇಡುವ ಕೋಣೆಯ ಪಕ್ಕದಲ್ಲಿ, ಒಂದೇ ಕಿಟಕಿಯ ಗೂಡು. ಅಲ್ಲಿಗೆ ಬಾಯಿಗಳು ಬರುತ್ತಿರಲಿಲ್ಲ, ಬಾಯಿಯ ಅಚ್ಚುಗಳು ಬರುತ್ತಿದ್ದವು. ಅಚ್ಚಿಗೆ ಪ್ಲಾಸ್ಟರ್ ಕಲಸಿ ಸುರಿಯಬೇಕು, ಗಟ್ಟಿಯಾದ ಮೇಲೆ ಮೇಣದಲ್ಲಿ ವಸಡು ಕಟ್ಟಬೇಕು, ಒಂದೊಂದೇ ಹಲ್ಲು ಜೋಡಿಸಬೇಕು, ಬೇಯಿಸಬೇಕು, ಉಜ್ಜಬೇಕು, ಹೊಳಪು ಕೊಡಬೇಕು. ಊರಿನ ಅರ್ಧಕ್ಕರ್ಧ ಮುದುಕರು ಅವನು ಮಾಡಿದ ಹಲ್ಲಿನಲ್ಲೇ ನಗುತ್ತಿದ್ದರು, ಅದೇ ಹಲ್ಲು ಕಡಿದುಕೊಂಡು ಸೊಸೆಯರನ್ನು ಬೈಯುತ್ತಿದ್ದರು. ಬೀದಿಯಲ್ಲಿ ಯಾರಾದರೂ ಎದುರಿಗೆ ಬಂದು ಬಾಯಿ ಬಿಟ್ಟರೆ ಸಾಕು, ಇದು ನನ್ನ ಕೈಯದು ಎಂದು ಅವನಿಗೆ ತಿಳಿದುಬಿಡುತ್ತಿತ್ತು. ಅವರಿಗೆ ಮಾತ್ರ ಇವನು ಯಾರೋ ಏನೋ. ಪಕ್ಕಕ್ಕೆ ಸರಿದು ತಮ್ಮ ಪಾಡಿಗೆ ಹೋಗುತ್ತಿದ್ದರು.

ಅವನಿಗೆ ದಂತಶಿಲ್ಪಿ ಎಂದು ಹೆಸರಿಟ್ಟವರು ಪುಟ್ಟ ರೈಲುಗಳನ್ನು ಮಾರುವ ರೈಲಂಗಡಿಯ ಯಜಮಾನರು. ಬರಬರುತ್ತಾ ಅದು ಬರೀ ಶಿಲ್ಪಿ ಆಯಿತು. ಅದಕ್ಕೂ ಮುಂಚೆ ಅವನಿಗೆ ಒಂದು ಅಡ್ಡಹೆಸರೂ ಇರಲಿಲ್ಲ. ಅಡ್ಡಹೆಸರು ಇಡಬೇಕಾದರೂ ನಾಲ್ಕು ಜನ ಒಟ್ಟಿಗೆ ಕೂತು ನಮ್ಮ ಬಗ್ಗೆ ಮಾತಾಡಬೇಕಲ್ಲ, ಅಷ್ಟು ಭಾಗ್ಯ ಅವನಿಗೆಲ್ಲಿಂದ ಬರಬೇಕು? ಇಸ್ತ್ರಿ ಅಂಗಡಿಯ ಮೇಲಿನ ಒಂದು ಉದ್ದನೆಯ ರೂಮಿನಲ್ಲಿ ಒಬ್ಬನೇ ಇದ್ದ. ಮದುವೆ ಆಗಿರಲಿಲ್ಲ. ದೂರದ ಊರಿನಲ್ಲಿದ್ದ ಅಕ್ಕ ಒಂದಷ್ಟು ಕಾಲ ಹೆಣ್ಣು ಹುಡುಕಿದಳು, ಆಮೇಲೆ ಅವಳ ಸಂಸಾರವೇ ಅವಳಿಗೆ ಸಾಕುಸಾಕಾಯಿತು. ಫೋನು ಮಾಡಿದರೆ ಊಟ ಆಯಿತಾ ಎಂದು ಕೇಳುತ್ತಿದ್ದಳು. ಆಯಿತು ಎನ್ನುತ್ತಿದ್ದ. ಅಲ್ಲಿಗೆ ಇಬ್ಬರಿಗೂ ಮಾತು ಖಾಲಿ.

ರೈಲಂಗಡಿಗೆ ಅವನು ಮೊದಲು ಕಾಲಿಟ್ಟದ್ದು ಈ ಅಕ್ಕನ ಮಗಳ ದೆಸೆಯಿಂದ. ಮಗುವಿಗೆ ಏನಾದರೂ ಕೊಡಬೇಕು ಅನ್ನಿಸಿ, ಗಾಜಿನಾಚೆ ಓಡುತ್ತಿದ್ದ ಪುಟ್ಟ ರೈಲು ನೋಡಿ, ಒಳಗೆ ಹೋಗಿ, ಒಂದು ಎಂಜಿನ್ನು, ನಾಲ್ಕು ಡಬ್ಬಿ, ಒಂದು ಕಟ್ಟು ಹಳಿ ತಂದುಬಿಟ್ಟ. ಕಳಿಸುವ ಮುಂಚೆ ಅಕ್ಕನಿಗೆ ಹೇಳಿದರೆ ಅವಳು ನಕ್ಕಳು. ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ ಕಣೋ, ರೈಲು ಇಟ್ಟುಕೊಂಡು ಏನು ಮಾಡುತ್ತಾಳೆ, ನೀನೇ ಆಡಿಕೋ ಎಂದಳು. ಅವನಿಗೆ ನಾಚಿಕೆಯಾಯಿತು. ಅವನ ತಲೆಯಲ್ಲಿ ಆ ಹುಡುಗಿ ಇನ್ನೂ ಹಾಲುಹಲ್ಲಿನವಳೇ ಆಗಿದ್ದಳು. ಡಬ್ಬ ಒಂದಷ್ಟು ದಿನ ಮಂಚದ ಕೆಳಗಿತ್ತು. ಆಮೇಲೊಂದು ಭಾನುವಾರ ಬೇಜಾರು ಕಳೆಯಲೆಂದು ಬಿಚ್ಚಿದ. ಬಿಚ್ಚಿದ್ದೇ ಬಂತು, ಮತ್ತೆ ಕಟ್ಟಿ ಒಳಗಿಡುವ ಮನಸ್ಸಾಗಲಿಲ್ಲ.

ರೂಮು ಉದ್ದ, ಅಗಲ ಕಡಿಮೆ. ಹಾಗಾಗಿ ಗೋಡೆಯುದ್ದಕ್ಕೂ ಹಲಗೆ ಹಾಕಿ ಅದರ ಮೇಲೆ ಒಂದೇ ಸಾಲು ಹಳಿ ಎಳೆದ. ಈ ತುದಿಯಲ್ಲಿ ಸ್ಟೇಷನ್ನು. ಆ ತುದಿಯಲ್ಲಿ ಹಳಿ ದೊಡ್ಡದಾಗಿ ಗುಂಡಗೆ ಸುತ್ತು ಹಾಕಿ ಮತ್ತೆ ಅದೇ ಸಾಲನ್ನೇ ಬಂದು ಸೇರಿಕೊಳ್ಳುವಂತೆ ಮಾಡಿದ. ರೈಲು ಹೋಗಿ, ತಿರುಗಿ, ಮುಖ ಇತ್ತ ಮಾಡಿಕೊಂಡು ಮನೆಗೆ ಬರಬೇಕು, ಅದು ಅವನ ಆಸೆ. ಆ ಸುತ್ತಿನ ಮೇಲೆ ಒಂದು ಗುಡ್ಡ ಕಟ್ಟಿದ. ಪ್ಲಾಸ್ಟರಿಗೇನು ಬರ, ಕೆಲಸದ್ದೇ ಇತ್ತು. ಹಲ್ಲಿನ ಪ್ಲಾಸ್ಟರ್ ನುಣುಪು ಜಾಸ್ತಿ, ಹಾಗಾಗಿ ಅವನ ಗುಡ್ಡದ ಬಂಡೆಗಳೆಲ್ಲ ಎಷ್ಟು ಬಣ್ಣ ಬಳಿದರೂ ದವಡೆಯ ಹಾಗೇ ಕಾಣುತ್ತಿದ್ದವು. ಗುಡ್ಡಕ್ಕೆ ಎರಡು ಬಾಯಿ, ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ.

ರೈಲು ಹೋಯಿತು. ಗುಡ್ಡದೊಳಗೆ ಸುತ್ತಿತು. ಆ ಕಡೆಯ ಬಾಯಿಂದ ಎಂಜಿನ್ನಿನ ಮೂಗು ಹೊರಗೆ ಬಂತು, ಅಷ್ಟೇ, ಗಕ್ಕನೆ ನಿಂತುಬಿಟ್ಟಿತು. ಕರೆಂಟಿನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು. ಬೆರಳಿಂದ ಸ್ವಲ್ಪ ಒಳಕ್ಕೆ ತಳ್ಳಿ ಹಿಂದಕ್ಕೆ ಓಡಿಸಿದರೆ ಬಂದ ದಾರಿಯಲ್ಲೇ ಹಿಂದುಹಿಂದಾಗಿ ಸ್ಟೇಷನ್ನಿಗೆ ವಾಪಸ್ಸು ಬರುತ್ತಿತ್ತು. ಎಷ್ಟು ಸಲ ಬಿಟ್ಟರೂ ಅದೇ ಹಾಡು. ಶನಿವಾರ ಮಧ್ಯಾಹ್ನ ಎಂಜಿನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ರೈಲಂಗಡಿಗೆ ಹೋದ.

ಅಂಗಡಿಯ ಬಗ್ಗೆ ಹೇಳಲೇಬೇಕು, ಈಗ ಆ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಛತ್ರಿ ರಿಪೇರಿಯವನಿಗೂ ಕನ್ನಡಕದವನಿಗೂ ನಡುವೆ ಸಿಕ್ಕಿಹಾಕಿಕೊಂಡಿದ್ದ ಅಂಗಡಿ ಅದು. ಇಬ್ಬರು ದಪ್ಪನೆಯವರು ಎದುರುಬದುರಾದರೆ ಒಬ್ಬರು ಬೀದಿಗಿಳಿದು ಇನ್ನೊಬ್ಬರನ್ನು ಹೊರಗೆ ಬಿಡಬೇಕು. ಬಾಗಿಲು ತೆಗೆದರೆ ಗಂಟೆ ಬಾರಿಸುತ್ತಿರಲಿಲ್ಲ, ಮೇಜಿನ ಮೇಲಿದ್ದ ಬೆರಳುದ್ದದ ಸಿಗ್ನಲ್ ಕಂಬ ಟಕ್ಕೆಂದು ಕೈ ಇಳಿಸುತ್ತಿತ್ತು. ಗಾಜಿನ ಬೀರುವಿನಲ್ಲಿ ಎಂಜಿನ್ನುಗಳು, ಒಂದೊಂದರ ಕೆಳಗೂ ಹಸಿರು ಬಟ್ಟೆಯ ಪಟ್ಟಿ. ಗೋಡೆ ತುಂಬ ಸಣ್ಣ ಸಣ್ಣ ಖಾನೆಗಳು. ಒಂದರಲ್ಲಿ ಗಾಲಿ, ಒಂದರಲ್ಲಿ ದೀಪದ ಕಂಬ, ಒಂದರಲ್ಲಿ ಉಗುರಿನಷ್ಟೇ ಇರುವ ದನಕರು, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ನಿಂತ ಪ್ರಯಾಣಿಕರು. ಒಳಗೆಲ್ಲ ಮೆಷಿನ್ ಎಣ್ಣೆ, ಕಾದ ಮೋಟರು, ಬೆಸುಗೆಯ ಹೊಗೆ, ಮೂರೂ ಬೆರೆತ ಒಂದು ವಾಸನೆ. ಹೆಂಗಸರು ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದರು. ಶಿಲ್ಪಿ ಮಾತ್ರ ಒಳಗೆ ಹೆಜ್ಜೆಯಿಡುವಾಗಲೇ ಉಸಿರು ಉದ್ದಕ್ಕೆ ಎಳೆದುಕೊಳ್ಳುತ್ತಿದ್ದ.

ಯಜಮಾನರು ಅಂದರೆ ಎತ್ತರದ, ಬಾಗಿದ ಬೆನ್ನಿನ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಅವರ ವ್ಯಾಪಾರ ನೋಡಿದವರಿಗೆ ಇವರು ಮಾರುವುದಕ್ಕೆ ಕೂತಿದ್ದಾರೋ ಮಾರದಿರುವುದಕ್ಕೆ ಕೂತಿದ್ದಾರೋ ಎಂದು ಅನುಮಾನ ಬರುತ್ತಿತ್ತು. ಕೊಳ್ಳುವವನು ತನ್ನ ಕೈಯಾರೆ ಎಂಜಿನ್ನನ್ನು ಮೇಜಿನ ಮೇಲೆ ನಿಧಾನ ಓಡಿಸಿ, ನಿಧಾನ ನಿಲ್ಲಿಸಿ ತೋರಿಸದ ಹೊರತು ಕಟ್ಟಿಕೊಡುತ್ತಿರಲಿಲ್ಲ. ರಪ್ಪನೆ ನಿಲ್ಲಿಸಿದವರಿಗೆ, ಒಳಗೆ ಕೂತವರು ಮುಗ್ಗರಿಸಿ ಬಿದ್ದರಲ್ಲ ಸ್ವಾಮಿ, ಇನ್ನೊಂದು ಸಲ ಮಾಡಿ ಎನ್ನುತ್ತಿದ್ದರು. ಮೇಜಿನ ಉದ್ದಕ್ಕೂ ಒಂದು ಹಳಿ, ಅವರ ಕುರ್ಚಿಯಿಂದ ಹೊರಟು ಗಿರಾಕಿಯ ಸ್ಟೂಲಿನವರೆಗೆ. ಮನಸ್ಸಿಗೆ ಬಂದವರು ಬಂದು ಕೂತರೆ ಆ ಹಳಿಯ ಮೇಲೆ ತೆರೆದ ಗೂಡ್ಸ್ ಡಬ್ಬಿಯಲ್ಲಿ ಎರಡು ಬಿಸ್ಕತ್ತು ಬರುತ್ತಿದ್ದವು. ಡಬ್ಬಿ ಸ್ಟೂಲಿನ ಮುಂದೆ ನಿಲ್ಲುತ್ತಿತ್ತು. ಗೂಡ್ಸ್ ಬಂತು, ಇಳಿಸಿಕೊಳ್ಳಿ ಎನ್ನುತ್ತಿದ್ದರು. ಬಿಸ್ಕತ್ತು ತೆಗೆದುಕೊಳ್ಳುವ ತನಕ ಡಬ್ಬಿ ಅಲ್ಲಾಡುತ್ತಿರಲಿಲ್ಲ.

ಆ ಮೊದಲ ಶನಿವಾರ ಶಿಲ್ಪಿಯ ದೂರನ್ನು ಅವರು ತುಂಬ ಹೊತ್ತು ಕೇಳಿಸಿಕೊಂಡರು. ಹಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಗುಡ್ಡ ಯಾವುದರದ್ದು, ರೂಮಿನಲ್ಲಿ ಬೇರೆ ಯಾರಿದ್ದಾರೆ, ಎಲ್ಲ ಕೇಳಿದರು. ಯಾರೂ ಇಲ್ಲ ಎಂದ. ಯಜಮಾನರು ಎಂಜಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಗಾಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟರು.

"ಈ ವಾರ ಓಡಿಸಿ ನೋಡಿ ದಂತಶಿಲ್ಪಿಗಳೇ. ಏನಾಯ್ತು ಅಂತ ಮುಂದಿನ ಶನಿವಾರ ಬಂದು ಹೇಳಿ."

ಏನೂ ಆಗಲಿಲ್ಲ. ಮುಂದಿನ ಶನಿವಾರ ಹಳಿಯನ್ನು ರಬ್ಬರಿನಿಂದ ಉಜ್ಜಲು ಹೇಳಿದರು. ಉಜ್ಜಿದ. ರೈಲು ಮತ್ತೆ ಗುಡ್ಡದ ಬಾಯಲ್ಲೇ ನಿಂತಿತು. ಅದರ ಮುಂದಿನ ವಾರದ ಒಂದು ದಿನ ಶಿಲ್ಪಿ ಕೆಲಸದಲ್ಲಿ ಕೂತು, ಯಾರದೋ ಕಟ್ಟಿಸಿದ ಹಲ್ಲನ್ನು ಪಕ್ಕದ ಹಲ್ಲಿಗೆ ಕಚ್ಚಿಸಿ ನಿಲ್ಲಿಸುವ ತಂತಿಯನ್ನು ಬಾಗಿಸುತ್ತಿದ್ದ. ಜೋಡಿ ತಂತಿ, ಹಲ್ಲನ್ನು ಬಳಸಿ ಬಂದು ತನ್ನ ಬುಡಕ್ಕೇ ಸೇರಬೇಕು. ಬಾಗಿಸಿ ಸೇರಿಸಿದ. ನೋಡಿದರೆ ಎಡಕ್ಕಿದ್ದ ತಂತಿ ಬಳಸಿಕೊಂಡು ಬಂದು ಬಲಕ್ಕಿದ್ದದ್ದನ್ನೇ ಮುಟ್ಟುತ್ತಿತ್ತು. ಇಕ್ಕಳ ಕೆಳಗಿಟ್ಟ. ರೈಲಿನ ಹಳಿಗಳೂ ಎರಡು. ಒಂದರಲ್ಲಿ ಕರೆಂಟು ಹೋಗುತ್ತದೆ, ಇನ್ನೊಂದರಲ್ಲಿ ವಾಪಸ್ಸು ಬರುತ್ತದೆ. ಸುತ್ತು ಹಾಕಿ ಬಂದಾಗ ಎಡದ ಹಳಿಯ ತುದಿಗೆ ಎದುರಾಗುವುದು ಬಲದ ಹಳಿ. ಗುಡ್ಡದ ಬಾಯಲ್ಲಿ ಅವನು ಕೂದಲೆಳೆಯಷ್ಟು ಸಂದು ಬಿಟ್ಟಿದ್ದ. ಎಂಜಿನ್ನಿನ ಗಾಲಿ ಆ ಸಂದನ್ನು ದಾಟುವಾಗ ಎರಡೂ ಕೂಡಿಕೊಳ್ಳುತ್ತವೆ, ಕರೆಂಟು ಕಟ್ಟಾಗುತ್ತದೆ. ಎಣ್ಣೆಯೂ ಅಲ್ಲ, ಕೊಳೆಯೂ ಅಲ್ಲ. ಹಳಿಯನ್ನು ಇನ್ನೊಂದು ಬಾಯಲ್ಲೂ ಕತ್ತರಿಸಿ, ರೈಲು ಗುಡ್ಡದೊಳಗಿರುವಾಗ ಹೊರಗಿನ ಹಳಿಗಳ ಕರೆಂಟನ್ನು ಅದಲುಬದಲು ಮಾಡುವ ಒಂದು ಸ್ವಿಚ್ಚು ಹಾಕಿದರೆ ಆಯಿತು. ಹಲ್ಲಿನ ಕೆಲಸದ ಸಣ್ಣ ಗರಗಸದಲ್ಲಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುವ ಕೆಲಸ.

ಅವನ ಸಂತೋಷ ಹೇಳತೀರದು. ಸ್ವಿಚ್ಚನ್ನು ಅಂಗಡಿಯಲ್ಲೇ ಕೊಳ್ಳೋಣವೆಂದು ಹಳಿ ಕತ್ತರಿಸದೆ, ಶನಿವಾರ ಯಾವಾಗ ಬರುತ್ತದೋ ಎಂದು ಕಾದ. ಸರಿಹೋಯ್ತು ಯಜಮಾನ್ರೇ ಎಂದು ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದ. ಬಾಗಿಲು ತೆಗೆದ, ಸಿಗ್ನಲ್ಲು ಕೈ ಇಳಿಸಿತು. ನೋಡಿದರೆ ಮೇಜಿನ ಮೇಲೆ ಆಗಲೇ ಎರಡು ಲೋಟ ಟೀ. ಸ್ಟೂಲಿನ ಕುಂಟು ಕಾಲಿಗೆ ಯಾರೋ ರಟ್ಟು ಮಡಚಿ ಕೊಟ್ಟಿದ್ದರು. ಬಿಸ್ಕತ್ತು ಹೊತ್ತ ಗೂಡ್ಸು ಅವನ ತುದಿಗೆ ಬಂದು ನಿಂತಾಗಿತ್ತು. ಯಾರೋ ತನಗಾಗಿ ಕಾದಿದ್ದಾರೆ ಎನ್ನುವುದನ್ನು ಆ ವಯಸ್ಸಿನಲ್ಲಿ ಮೊದಲ ಸಲ ಕಂಡವನ ಗತಿ ಏನಾಗಬೇಕು ಹೇಳಿ. ಅವನು ಸ್ಟೂಲಿನ ಮೇಲೆ ಕೂತು ಬಿಸ್ಕತ್ತು ಎತ್ತಿಕೊಂಡ.

"ಹೇಗಿದೆ ನಮ್ಮ ರೋಗಿ?" ಎಂದರು ಯಜಮಾನರು.

"ಇನ್ನೂ ಹಾಗೇ ಇದೆ, ಯಜಮಾನ್ರೇ."

ಅದೊಂದು ಸುಳ್ಳಿನ ಮೇಲೆ ಅವನ ಬದುಕಿನ ಅತ್ಯಂತ ಒಳ್ಳೆಯ ವರ್ಷಗಳು ನಿಂತವು. ಪ್ರತಿ ಶನಿವಾರ ಹೋದ. ಪ್ರತಿ ಶನಿವಾರ ಒಂದು ಹೊಸ ಔಷಧ. ಗಾಲಿ ಬದಲಾಯಿಸಿ, ಹಳಿಯ ಕೀಲು ಬಿಗಿ ಮಾಡಿ, ಡಬ್ಬಿ ಒಂದು ಕಮ್ಮಿ ಮಾಡಿ, ಮೋಟರಿನ ಬ್ರಷ್ಷು ಹೊಸದು ಹಾಕಿ. ರೂಮಿಗೆ ಬಂದು ಅವೆಲ್ಲವನ್ನೂ ಪ್ರಾಮಾಣಿಕವಾಗಿ ಮಾಡುತ್ತಿದ್ದ, ಅದು ಅವನ ನಿಯತ್ತು. ಸುಳ್ಳು ಹೇಳಿದ್ದೇ ಹೇಳಿದ್ದು, ಅದನ್ನು ಪೂರ್ತಿ ಸುಳ್ಳಾಗುವುದಕ್ಕೆ ಬಿಡಬಾರದಲ್ಲ! ಹಾಗಾಗಿ ಹಳಿಯನ್ನು ಮಾತ್ರ ಅವನು ಕತ್ತರಿಸಲಿಲ್ಲ. ರೈಲು ನಿಜವಾಗಿಯೂ ನಿಲ್ಲುತ್ತಿತ್ತು. ಹಿಂದುಹಿಂದಾಗಿ ಮನೆಗೆ ಬರುತ್ತಿತ್ತು. ಅದರ ಮುಖ ತನ್ನ ಕಡೆ ತಿರುಗಿ ಬಂದದ್ದನ್ನು ಅವನು ಒಂದು ದಿನವೂ ನೋಡಲಿಲ್ಲ.

ಅಂಗಡಿಗೆ ಬರುವ ಬೇರೆಯವರಿಗೂ ಈ ರೋಗಿ ಪರಿಚಯವಾಯಿತು. ರಿಟೈರಾದ ಬ್ಯಾಂಕಿನವರೊಬ್ಬರು, ದಿನವೆಲ್ಲ ಬಸ್ಸು ಓಡಿಸಿ ಸಂಜೆ ರೈಲಿನ ಹುಚ್ಚಿಗೆ ಬರುತ್ತಿದ್ದ ಡ್ರೈವರು, ಇಂಥವರು. ಶಿಲ್ಪಿಗಳ ಗುಡ್ಡದಲ್ಲಿ ದೆವ್ವ ಇದೆ ಎಂದು ಡ್ರೈವರು ತಮಾಷೆ ಮಾಡುತ್ತಿದ್ದ. ಯಜಮಾನರ ಹೆಂಡತಿ ಮನೆಯಿಂದ ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದರು, ಇನ್ನೂ ಸರಿಹೋಗಲಿಲ್ಲವೇ ನಿಮ್ಮ ರೈಲು ಎಂದು ಕೇಳಿ, ಗಂಡನ ಕಡೆ ಒಂದು ಥರಾ ನೋಡಿ, ನಗು ನುಂಗಿಕೊಂಡು ಹೋಗುತ್ತಿದ್ದರು. ಮಗಳೊಬ್ಬಳು, ಚೂಟಿ, ಪಾಠದ ಪುಸ್ತಕ ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದಳು. ಅವಳು ಅವನನ್ನು ಶಿಲ್ಪಿ ಮಾಮ ಎಂದು ಕರೆಯುತ್ತಿದ್ದಳು. ಮಾಮ ಎನ್ನಿಸಿಕೊಂಡ ದಿನ ಅವನು ರೂಮಿಗೆ ಬಂದು ಕನ್ನಡಿ ನೋಡಿಕೊಂಡ.

ಕಾಲ ಹೀಗೇ ಉರುಳಿತು. ಆ ಹುಡುಗಿ ದೊಡ್ಡವಳಾಗಿ, ಸ್ಕೂಲಿನಲ್ಲಿ ಮೇಡಮ್ಮಾಗಿ, ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಳು. ಬ್ಯಾಂಕಿನವರು ಬರುವುದು ನಿಂತಿತು, ಯಾಕೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಯಜಮಾನರ ಹೆಂಡತಿ ಒಂದು ಬೇಸಗೆಯಲ್ಲಿ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಅವರು ಹೋದ ಮೇಲಿನ ಮೊದಲ ಶನಿವಾರ ಅಂಗಡಿ ತೆರೆದಿತ್ತು. ಟೀ ಇರಲಿಲ್ಲ, ಬಿಸ್ಕತ್ತಿನ ಗೂಡ್ಸು ಮಾತ್ರ ಬಂತು. ಇಬ್ಬರೂ ಎಂಜಿನ್ನನ್ನು ಬಿಚ್ಚಿ ಜೋಡಿಸಿದರು.

ಆಮೇಲೆ ಒಂದು ಶನಿವಾರ, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಯಜಮಾನರು ಕನ್ನಡಕ ತೆಗೆದು ಒರೆಸುತ್ತಾ, ಅವನ ಕಡೆ ನೋಡದೆ ಕೇಳಿದರು:

"ಒಂದ್ಸಲ ನಾನೇ ನಿಮ್ಮ ರೂಮಿಗೆ ಬಂದು ನೋಡ್ಲಾ? ಭಾನುವಾರ ನನಗೂ ಮನೇಲಿ ಹೊತ್ತು ಹೋಗಲ್ಲ."

ಶಿಲ್ಪಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈ ಮನುಷ್ಯ ಬಂದು ಗುಡ್ಡದ ಮುಂದೆ ನಿಂತರೆ ಮುಗಿಯಿತು, ಒಂದೇ ನೋಟಕ್ಕೆ ರೋಗ ಗೊತ್ತಾಗುತ್ತದೆ. ಇಷ್ಟು ಸುಲಭದ್ದು ಇಷ್ಟು ವರ್ಷ ನಿಮಗೆ ತಿಳಿಯಲಿಲ್ಲವೇ ಎನ್ನುತ್ತಾರೆ. ತಿಳಿದಿತ್ತು ಎಂದರೆ ಸುಳ್ಳುಗಾರ, ತಿಳಿದಿರಲಿಲ್ಲ ಎಂದರೆ ದಡ್ಡ. ಹೇಗಾದರೂ ಸರಿ, ರೈಲು ರಿಪೇರಿಯಾಗುತ್ತದೆ, ಶನಿವಾರ ಹೋಗುತ್ತದೆ. ಅವನು ಗಡಿಬಿಡಿಯಲ್ಲಿ, ರೂಮು ಕಸದ ತೊಟ್ಟಿಯಾಗಿದೆ ಯಜಮಾನ್ರೇ, ಮೆಟ್ಟಿಲು ಬೇರೆ ತುಂಬ ಕಡಿದು, ನಿಮಗೆ ಯಾಕೆ ತೊಂದರೆ ಎಂದುಬಿಟ್ಟ. ರೂಮನ್ನು ಅವನಷ್ಟು ಚೊಕ್ಕಟವಾಗಿ ಇಟ್ಟುಕೊಂಡವರು ಆ ಬೀದಿಯಲ್ಲೇ ಇರಲಿಲ್ಲ.

ಹೌದೌದು, ಮೆಟ್ಟಿಲು ನನಗೂ ಆಗಲ್ಲ ಎಂದರು ಯಜಮಾನರು. ಸ್ಕ್ರೂಡ್ರೈವರ್ ಎತ್ತಿಕೊಂಡು, ಸರಿಯಾಗೇ ಇದ್ದ ಒಂದು ಸ್ಕ್ರೂವನ್ನು ಬಿಚ್ಚಿ ಮತ್ತೆ ಹಾಕಿದರು. ಅವತ್ತು ಅವರು ಔಷಧ ಹೇಳುವುದನ್ನೇ ಮರೆತರು. ಎದ್ದು ನಿಂತ ಮೇಲೆ ಶಿಲ್ಪಿಯೇ, ಈ ವಾರ ಏನು ಮಾಡಿ ನೋಡಲಿ ಎಂದು ಕೇಳಬೇಕಾಯಿತು. ಹಳಿ ಉಜ್ಜಿ ನೋಡಿ ಎಂದರು. ಅದು ಎಂದೋ ಹೇಳಿ ಮುಗಿದಿದ್ದ ಔಷಧ. ಶಿಲ್ಪಿ ಸರಿ ಎಂದು ಹೊರಟ. ರೂಮಿಗೆ ಬಂದು ರಬ್ಬರು ತೆಗೆದುಕೊಂಡು, ಈ ತುದಿಯಿಂದ ಆ ತುದಿಯವರೆಗೆ ಹಳಿ ಉಜ್ಜಿದ.

ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಶನಿವಾರಗಳು ನಡೆದುಕೊಂಡು ಹೋದವು, ಆದರೆ ಮಾತು ಕಡಿಮೆಯಾಯಿತು. ಅಂಗಡಿಗೆ ಜನ ಬರುವುದೂ ಕಡಿಮೆಯಾಯಿತು. ಬೀರುವಿನಲ್ಲಿ ಎಂಜಿನ್ನು ಹೋದ ಕಡೆ ಹೊಸದು ಬಂದು ಕೂರಲಿಲ್ಲ, ಹಸಿರು ಪಟ್ಟಿಯ ಮೇಲೆ ಬಿಸಿಲು ತಾಗದ ಜಾಗ ಮಾತ್ರ ಎಂಜಿನ್ನಿನ ಆಕಾರದಲ್ಲಿ ಉಳಿಯಿತು. ಯಜಮಾನರ ಕೈ ನಡುಗಲು ಶುರುವಾಯಿತು. ಗೂಡ್ಸು ಕೆಲವೊಮ್ಮೆ ಸ್ಟೂಲಿನ ಮುಂದೆ ನಿಲ್ಲದೆ ಹಳಿ ತಪ್ಪಿ ಬೀಳುತ್ತಿತ್ತು. ಬಿಸ್ಕತ್ತನ್ನು ನೆಲದಿಂದ ಎತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ಶಿಲ್ಪಿ ತಿನ್ನುತ್ತಿದ್ದ.

ಒಂದು ಶನಿವಾರ ಹೋದರೆ ಷಟರ್ ಎಳೆದಿತ್ತು. ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಛತ್ರಿಯವನು ಹೇಳಿದ. ಯಾವ ಆಸ್ಪತ್ರೆ ಎಂದು ಅವನಿಗೂ ಗೊತ್ತಿರಲಿಲ್ಲ. ಶಿಲ್ಪಿಗೆ ಅವರ ಮನೆ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ, ಫೋನ್ ನಂಬರೂ ಇರಲಿಲ್ಲ. ಶನಿವಾರ ಇದ್ದಾಗ ಅವು ಯಾಕೆ ಬೇಕಿತ್ತು? ಷಟರಿನ ಮುಂದೆ ಎಂಜಿನ್ನನ್ನು ಕೈಯಲ್ಲಿ ಹಿಡಿದು ಒಂದಷ್ಟು ಹೊತ್ತು ನಿಂತು ವಾಪಸ್ಸು ಬಂದ. ಮುಂದಿನ ಶನಿವಾರವೂ ಹೋಗಿ ನಿಂತ. ಅದರ ಮುಂದಿನ ವಾರ ಛತ್ರಿಯವನು ಅವನನ್ನು ನೋಡಿ ಎದ್ದು ಬಂದ. ಅವನ ಕೈ ಹಿಡಿದುಕೊಂಡು, ಯಜಮಾನರು ಹೋಗಿಬಿಟ್ಟರು ಎಂದ.

ಯಜಮಾನರ ಮಗಳು ಅಂಗಡಿ ಖಾಲಿ ಮಾಡಲು ಬಂದದ್ದು ಕೆಲವು ವಾರಗಳ ಮೇಲೆ. ಶನಿವಾರವೇ ಬಂದಿದ್ದಳು, ಇವನು ಬರುತ್ತಾನೆಂದು ಗೊತ್ತಿದ್ದೇ. ಅರ್ಧ ಎತ್ತಿದ ಷಟರಿನ ಕೆಳಗೆ ಬಗ್ಗಿ ಒಳಗೆ ಹೋದರೆ ಖಾನೆಗಳೆಲ್ಲ ಬರಿದಾಗಿದ್ದವು, ಗೋಡೆಯಲ್ಲಿ ಬರೀ ತೂತುಗಳು. ಆ ವಾಸನೆ ಮಾತ್ರ ಹಾಗೇ ಇತ್ತು. ಕೂತ್ಕೊಳ್ಳಿ ಮಾಮ ಎಂದಳು. ಸ್ಟೂಲಿನ ಮೇಲೆ ಕೂತ. ಅವಳು ಅಪ್ಪನ ಕುರ್ಚಿಯ ಕೆಳಗಿನ ಡ್ರಾಯರ್ ಎಳೆದು, ಒಂದು ರಟ್ಟಿನ ಡಬ್ಬಿ ತೆಗೆದು ಅವನ ಮುಂದಿಟ್ಟಳು. ಇದು ನಿಮ್ಮದು, ಕೊಡಬೇಕು ಅಂತ ಅಪ್ಪ ಹೇಳಿದ್ದರು ಎಂದಳು.

ಒಳಗೆ ಅಂಗೈಯಗಲದ ಮರದ ತುಂಡು, ಅದರ ಮೇಲೊಂದು ಸ್ವಿಚ್ಚು. ಸ್ವಿಚ್ಚಿನ ಹಿಂದೆ ತಂತಿಗಳು ಒಂದಕ್ಕೊಂದು ಅಡ್ಡ ಹಾಯ್ದು ಕೂತಿದ್ದವು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ತುದಿಗಳಿಗೆಲ್ಲ ಚೊಕ್ಕವಾಗಿ ಬೆಸುಗೆ. ಬಟ್ಟೆ ಸುತ್ತಿದ ತಂತಿ, ಅಂಥದ್ದು ಅಂಗಡಿಗಳಲ್ಲಿ ಸಿಗುವುದು ನಿಂತು ಯಾವ ಕಾಲವಾಯಿತೋ. ಅದೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದನ್ನ ಯಾವಾಗ ಮಾಡಿದ್ರು?"

"ರೈಲು ನಿಲ್ತಿದೆ ಅಂತ ನೀವು ಮೊದಲನೇ ಸಲ ಬಂದ್ರಲ್ಲ ಮಾಮ, ಅವತ್ತೇ ಸಂಜೆ. ತಂತಿ ಹಿಡ್ಕೊಂಡಿದ್ದು ನಾನೇ. ಮಾಡಿಟ್ಮೇಲೆ ಕೊಡೋದಕ್ಕೇನು ಅಂತ ಅಮ್ಮ ಕೇಳಿದ್ರು. ಕೊಟ್ರೆ ಆ ಮನುಷ್ಯ ಮುಂದಿನ ವಾರ ಯಾಕೆ ಬರ್ತಾನೆ ಅಂದ್ರು ಅಪ್ಪ."

ಶಿಲ್ಪಿ ಸ್ವಿಚ್ಚನ್ನು ಆ ಕಡೆ ಒತ್ತಿದ, ಈ ಕಡೆ ಒತ್ತಿದ. ಟಕ್ಕೆಂದು ಗಟ್ಟಿಯಾಗಿ ಕೂತುಕೊಳ್ಳುತ್ತಿತ್ತು.

"ನಂಗೂ ಗೊತ್ತಿತ್ತು ಕಣಮ್ಮ," ಎಂದ. "ಮೂರನೇ ವಾರಕ್ಕೇ ಗೊತ್ತಾಗಿತ್ತು."

ಅವಳು ನಗಲು ಹೋದಳು, ಆಗಲಿಲ್ಲ. ಸೆರಗೋ ದುಪಟ್ಟಾವೋ ಕೈಗೆ ಸಿಕ್ಕಿದ್ದರಲ್ಲಿ ಕಣ್ಣು ಒತ್ತಿಕೊಂಡಳು.

"ಅಪ್ಪಂಗೆ ಅನುಮಾನ ಇತ್ತು. ಹಲ್ಲಿಗೆ ತಂತಿ ಸುತ್ತೋನಿಗೆ ಇಷ್ಟು ತಿಳಿಯಲ್ವಾ, ಅವನೂ ನಾಟಕ ಆಡ್ತಿದಾನೆ ಅಂತಿದ್ರು. ಅಮ್ಮ ಹೋದ್ಮೇಲೆ ಒಂದಿನ, ಸಾಕು ಈ ನಾಟಕ, ನಾನೇ ಅವರ ರೂಮಿಗೆ ಹೋಗಿ ಕೂತ್ಕೋತೀನಿ, ರೈಲು ಓಡಿದ್ರೂ ಸರಿ ಬಿಟ್ರೂ ಸರಿ ಅಂದ್ರು. ಈ ಡಬ್ಬಿ ಬ್ಯಾಗಲ್ಲಿ ಹಾಕ್ಕೊಂಡೇ ಅಂಗಡಿಗೆ ಬಂದಿದ್ರು ಅವತ್ತು." ಅವಳು ಡ್ರಾಯರ್ ಮುಚ್ಚಿದಳು. "ಆಮೇಲೆ, ಪಾಪ, ಅವರಿಗೆ ಇಷ್ಟ ಇಲ್ಲ ಅನ್ಸುತ್ತೆ ಅಂತ ಸುಮ್ಮನಾದ್ರು."

ಶಿಲ್ಪಿ ಸ್ವಿಚ್ಚನ್ನು ಡಬ್ಬಿಯೊಳಗಿಟ್ಟ. ಕಸದ ತೊಟ್ಟಿ ಎಂದಿದ್ದ. ಮೆಟ್ಟಿಲು ಕಡಿದು ಎಂದಿದ್ದ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮುದುಕ ಬಾಯಿಬಿಟ್ಟು, ಹೊತ್ತು ಹೋಗಲ್ಲ, ನಿಮ್ಮ ರೂಮಿಗೆ ಬರಲಾ ಎಂದು ಕೇಳಿದ್ದ. ಜಗತ್ತಿನಲ್ಲಿ ಅವನ ರೂಮಿಗೆ ಬರುತ್ತೇನೆ ಎಂದ ಒಬ್ಬನೇ ಒಬ್ಬ ಮನುಷ್ಯ. ಅಂಥವರನ್ನು ತನ್ನ ಬಾಯಾರೆ ಬೇಡ ಎಂದಿದ್ದ, ಅದೂ ಅವರು ಕೈಬಿಟ್ಟು ಹೋಗಬಾರದು ಎಂಬ ಆಸೆಗೆ. ಇಂಥ ಮೂರ್ಖತನಕ್ಕೆ ಯಾರನ್ನು ಬೈಯುವುದು?

ಬೇಕಾದ ಎಂಜಿನ್ನು ತೆಗೆದುಕೊಳ್ಳಿ ಮಾಮ, ಬೀರುವಿನಲ್ಲಿ ಇನ್ನೂ ಕೆಲವು ಇವೆ ಎಂದಳು ಮಗಳು. ಅವನು ಒಲ್ಲೆ ಎಂದ. ಬಿಸ್ಕತ್ತಿನ ಗೂಡ್ಸ್ ಡಬ್ಬಿ ಇದ್ದರೆ ಕೊಡು, ಈ ಸ್ಟೂಲು ಕೊಡು ಎಂದ. ಸ್ಟೂಲನ್ನು ಹೆಗಲ ಮೇಲಿಟ್ಟುಕೊಂಡು, ತಾನು ತಂದಿದ್ದ ಎಂಜಿನ್ನು, ಡಬ್ಬಿ, ಸ್ವಿಚ್ಚು ಮೂರನ್ನೂ ಚೀಲಕ್ಕೆ ಹಾಕಿಕೊಂಡು ಬೀದಿಯಲ್ಲಿ ನಡೆದ. ಎದುರಿಗೆ ಬಂದ ಮುದುಕನೊಬ್ಬ ಸ್ಟೂಲು ಹೊತ್ತವನನ್ನು ನೋಡಿ ನಕ್ಕ. ಇವನು ಮಾಡಿಕೊಟ್ಟ ಹಲ್ಲೇ ಅದು. ಅವತ್ತು ಅದನ್ನೂ ಅವನು ಗಮನಿಸಲಿಲ್ಲ.

ವಾರವಿಡೀ ಸಂಜೆ ಬಂದು ಸ್ವಲ್ಪ ಸ್ವಲ್ಪ ಕೆಲಸ ಮಾಡಿದ. ಬೇಕೆಂದೇ ಎಳೆದಾಡಿದ ಎನ್ನಿ. ಸಣ್ಣ ಗರಗಸದಲ್ಲಿ ಹಳಿ ಕತ್ತರಿಸಿದ, ಸ್ವಿಚ್ಚನ್ನು ಸ್ಟೇಷನ್ನಿನ ಪಕ್ಕದಲ್ಲಿ ಕೂರಿಸಿ ತಂತಿ ಎಳೆದ. ಬಟ್ಟೆ ಸುತ್ತಿದ ಹಳೆಯ ತಂತಿ ಅಳತೆಗೆ ಸರಿಯಾಗಿತ್ತು, ಒಂದಿಷ್ಟೂ ಜೋಡಿಸಬೇಕಾಗಲಿಲ್ಲ. ಅವನು ಬಾಯಲ್ಲಿ ಹೇಳಿದ್ದ ರೂಮಿನ ಉದ್ದವನ್ನೇ ನೆನಪಿಟ್ಟುಕೊಂಡು ಅವರು ಕತ್ತರಿಸಿದ್ದರು.

ಶನಿವಾರ ಮಧ್ಯಾಹ್ನ, ಪ್ರತಿ ವಾರ ಅಂಗಡಿಗೆ ಹೊರಡುತ್ತಿದ್ದ ಹೊತ್ತಿಗೆ, ಒಗೆದ ಅಂಗಿ ಹಾಕಿಕೊಂಡ. ಎರಡು ಲೋಟ ಟೀ ಮಾಡಿದ. ಸ್ಟೂಲನ್ನು ಗುಡ್ಡದ ಬಾಯಿ ಚೆನ್ನಾಗಿ ಕಾಣುವ ಕಡೆ ಇಟ್ಟು, ಕುಂಟು ಕಾಲಿನ ಕೆಳಗೆ ರಟ್ಟು ಸಿಕ್ಕಿಸಿದ. ತಾನು ಮಂಚದ ತುದಿಯಲ್ಲಿ ಕೂತ. ಗೂಡ್ಸ್ ಡಬ್ಬಿಯಲ್ಲಿ ಎರಡು ಬಿಸ್ಕತ್ತಿಟ್ಟು ಎಂಜಿನ್ನಿಗೆ ಕಟ್ಟಿದ.

ರೈಲು ಹೊರಟಿತು. ಗೋಡೆಯುದ್ದಕ್ಕೂ ಹೋಗಿ ದವಡೆಯಂಥ ಬಂಡೆಗಳ ಒಳಗೆ ಮರೆಯಾಯಿತು. ಶಿಲ್ಪಿ ಸ್ವಿಚ್ಚನ್ನು ಆ ಕಡೆಗೆ ಒತ್ತಿದ. ಎಂಜಿನ್ನಿನ ಮೂಗು ಗುಡ್ಡದ ಬಾಯಿಂದ ಹೊರಗೆ ಬಂತು. ಅವನ ಕಣ್ಣು ಅಭ್ಯಾಸಬಲದಿಂದ ಕೆಂಪು ದೀಪದ ಕಡೆ ಹೋಯಿತು. ದೀಪ ಹತ್ತಲಿಲ್ಲ. ರೈಲು ನಿಲ್ಲಲಿಲ್ಲ. ಅದು ಪೂರ್ತಿ ಹೊರಗೆ ಬಂದು, ಮುಖ ಇತ್ತ ಮಾಡಿಕೊಂಡು, ಹಣೆಯ ಪುಟ್ಟ ದೀಪ ಹೊತ್ತಿಸಿಕೊಂಡು, ನೇರವಾಗಿ ಅವನ ಕಡೆಗೇ ಓಡಿಬಂತು. ಒಳಗೆ ಕೂತವರು ಮುಗ್ಗರಿಸದ ಹಾಗೆ ನಿಧಾನ ಮಾಡಿ, ಸ್ಟೂಲಿನ ಮುಂದೆ ನಿಲ್ಲಿಸಿದ.

"ಸರಿಹೋಯ್ತು, ಯಜಮಾನ್ರೇ," ಎಂದ. "ಗೂಡ್ಸ್ ಬಂತು. ಇಳಿಸಿಕೊಳ್ಳಿ."

ಕೆಳಗೆ ಇಸ್ತ್ರಿಯವನು ಯಾರ ಜೊತೆಗೋ ಮಾತಾಡುತ್ತಿದ್ದ. ಶಿಲ್ಪಿ ಡಬ್ಬಿಯನ್ನು ಅಲ್ಲಾಡಿಸಲಿಲ್ಲ. ಟೀ ಆರುವ ತನಕ ಹಾಗೇ ಕೂತಿದ್ದ.